ಬಿದ್ದದ್ದು ಒಂದನೇ ಕ್ಲಾಸಿನಲ್ಲಿ, ಗೊತ್ತಾದದ್ದು ಐದನೇ ಕ್ಲಾಸಿನಲ್ಲಿ

ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಮಕ್ಕಳಿಗೆ ಬೀಳಲು ಜಾಗದ ಬರವಿಲ್ಲ. ಮನೆ ಗುಡ್ಡದ ಮೇಲೆ, ತೋಟ ಕೆಳಗೆ, ನಡುವೆ ಕೆಂಪುಕಲ್ಲಿನ ಮೆಟ್ಟಿಲು. ತೋಡು ದಾಟಲು ಅಡಿಕೆ ಮರದ ಕಾಲುಸಂಕ, ಮಳೆಗಾಲದಲ್ಲಿ ಅದರ ಮೇಲೆ ಪಾಚಿ. ಏಪ್ರಿಲ್, ಮೇ ಬಂದರೆ ಗೇರುಮರ, ಮಾವಿನಮರ. ಅಡಿಕೆ ಒಣಗಿಸುವ ಟೆರೇಸಿಗೆ ಎಷ್ಟೋ ಮನೆಗಳಲ್ಲಿ ಇನ್ನೂ ಕೈಹಿಡಿ ಗೋಡೆ ಕಟ್ಟಿಲ್ಲ. ಇದರ ಜೊತೆಗೆ ಕಲ್ಲುಕೋರೆ, ಬೈಕು, ಸ್ಕೂಟರು. ಹೀಗೆ ಬಿದ್ದಾಗ ತಲೆಗೆ ಆದ ಪೆಟ್ಟು ವರ್ಷಗಳ ಮೇಲೆ ಕ್ಲಾಸಿನಲ್ಲಿ ಕಾಣಿಸುವುದರ ಬಗ್ಗೆ ಈ ಬರಹ.

ತೆಂಗಿನಕಾಯಿ ತಲೆಗೆ ಬೀಳುವುದನ್ನು ನಾವು ಜೋಕು ಮಾಡಿ ಬಿಡುತ್ತೇವೆ. ಪಪುವಾ ನ್ಯೂಗಿನಿಯಲ್ಲಿ ಪೀಟರ್ ಬಾರ್ಸ್ ಎಂಬ ಡಾಕ್ಟರು ಒಂದು ಆಸ್ಪತ್ರೆಯ 4 ವರ್ಷದ ದಾಖಲೆ ತೆಗೆದು ನೋಡಿ 1984ರಲ್ಲಿ ಬರೆದರು. ಪೆಟ್ಟಾಗಿ ಸೇರಿದವರಲ್ಲಿ ಶೇ. 2.5 ಮಂದಿ ತೆಂಗಿನಕಾಯಿ ಬಿದ್ದು ಬಂದವರೇ. ಅದರಲ್ಲಿ ತಲೆಪೆಟ್ಟಿನವರೂ ಇದ್ದರು. ಇದನ್ನು ಓದಿದ ಮೇಲೆ ನಮ್ಮ ಶಾಲೆಯ ಹಿಂದಿನ ತೆಂಗಿನ ಮರದ ಕಾಯಿ ಕೀಳಿಸಲು ನಾನು ಹೆಡ್‌ಮಾಷ್ಟ್ರ ಹಿಂದೆ ಬಿದ್ದೆ. ಕೀಳಿಸಿದರು. ಆ ವಿಷಯ ಅಲ್ಲಿಗೇ ಇರಲಿ.

ಮಗು ಬಿದ್ದರೆ ನಮ್ಮಲ್ಲಿ ಮಾಡುವ ಕ್ರಮ ಎಲ್ಲರಿಗೂ ಗೊತ್ತು. ತಲೆಗೆ ತಣ್ಣೀರು ತಟ್ಟುವುದು, ಬುಗುಟು ಬಂದಲ್ಲಿ ಒತ್ತುವುದು, ಬಾಯಿಗೆ ಸಕ್ಕರೆ ಹಾಕುವುದು, ನೆಲಕ್ಕೆ ನಾಲ್ಕು ಪೆಟ್ಟು ಕೊಟ್ಟು ಮಗುವನ್ನು ನಗಿಸುವುದು. ಜಾಸ್ತಿ ಸಲ ಅಷ್ಟೇ ಸಾಕಾಗುತ್ತದೆ. ಆಮೇಲೆ ಯಾರಾದರೂ ಒಬ್ಬರು ಹೇಳುತ್ತಾರೆ, "ಸಣ್ಣ ಮಕ್ಕಳಲ್ವಾ, ಬೇಗ ಕೂಡಿಕೊಳ್ಳುತ್ತದೆ." ನನ್ನ ಜಗಳ ಇರುವುದು ಈ ಮಾತಿನ ಜೊತೆ. ಕೈಮೂಳೆಯ ವಿಷಯದಲ್ಲಿ ಅದು ನಿಜ. ಮೆದುಳಿಗೆ ಜೋರು ಪೆಟ್ಟಾದಾಗ ಅದನ್ನು ನಂಬಿ ಕೂರುವ ಹಾಗಿಲ್ಲ.

ನಾನು ಗಡಿಯ ಹತ್ತಿರದ ಒಂದು ಕನ್ನಡ ಮಾಧ್ಯಮದ ಅಪ್ಪರ್ ಪ್ರೈಮರಿ (ಯುಪಿ) ಶಾಲೆಯಲ್ಲಿ ಟೀಚರು. ಒಂದರಿಂದ ಏಳರವರೆಗೆ ಕ್ಲಾಸು. ಈ ಬರಹದ ಹುಡುಗನ ತಾಯಿ ನನ್ನದೇ ಹಳೇ ವಿದ್ಯಾರ್ಥಿನಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾಳೆ.

ಹುಡುಗ ಒಂದನೇ ಕ್ಲಾಸಿನಲ್ಲಿದ್ದಾಗ ಅಜ್ಜನ ಮನೆಯ ಟೆರೇಸಿನಿಂದ ಕೆಳಗಿನ ಕಲ್ಲಿನ ಮೆಟ್ಟಿಲಿಗೆ ಬಿದ್ದ. ಅಡಿಕೆ ಕೊಯ್ಲಿನ ಸಮಯ, ಮನೆ ತುಂಬ ಜನ. ಎಚ್ಚರ ತಪ್ಪಿತ್ತು. ಜೀಪಿನಲ್ಲಿ ಹಾಕಿಕೊಂಡು ಮಂಗಳೂರಿಗೆ ಓಡಿದರು. ಸಿಟಿ ಸ್ಕ್ಯಾನಿನಲ್ಲಿ ಹಣೆಯ ಹಿಂದೆ ಸ್ವಲ್ಪ ರಕ್ತ ಕಂಡಿತು. ಆಪರೇಷನ್ ಬೇಕಾಗಲಿಲ್ಲ. ಮನೆಗೆ ಬಂದ ಮೇಲೆ ನಡೆದ, ಓಡಿದ, ಮಗ್ಗಿ ಹೇಳಿದ, ಅಜ್ಜಿಯ ಹತ್ತಿರ ಚಕ್ಕುಲಿ ಕೇಳಿದ. ಎಲ್ಲರೂ ದೈವಕ್ಕೆ ಕೈಮುಗಿದರು. ಮೂರು ತಿಂಗಳು ಬಿಟ್ಟು ತೋರಿಸಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಕೊರೋನಾ ಎಂದು ಕೇರಳ, ಕರ್ನಾಟಕದ ಗಡಿಯ ತಲಪಾಡಿ ಮುಚ್ಚಿತು.

ಆ ದಿನಗಳನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಹೊಸದಾಗಿ ಕೇಳುವವರಿಗೆ ಮಾತ್ರ: ನಮ್ಮ ದೊಡ್ಡ ಕಾಯಿಲೆಗಳಿಗೆಲ್ಲ ಮಂಗಳೂರೇ ದಿಕ್ಕು. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, ಆಸ್ಪತ್ರೆಗೆ ಹೋಗುವ ದಾರಿ ಮಾತ್ರ ಬದಲಾಗಲಿಲ್ಲ. ಗಡಿಗೆ ಮಣ್ಣು ಸುರಿದಾಗ ಆಂಬುಲೆನ್ಸಿನವರೇ ದಾಟಲಾಗದೆ ನಿಂತರು, ಚಿಕಿತ್ಸೆ ಸಿಗದೆ ಜನ ಸತ್ತರು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅಂಥ ಹೊತ್ತಿನಲ್ಲಿ ಓಡಾಡಿಕೊಂಡಿರುವ ಹುಡುಗನನ್ನು ಸುಮ್ನೆ ತೋರಿಸಲು ಯಾರು ಕರೆದುಕೊಂಡು ಹೋಗುತ್ತಾರೆ? ಡಿಸ್ಚಾರ್ಜ್ ಕಾರ್ಡು ಗೋದ್ರೇಜಿನೊಳಗೆ ಸೇರಿತು.

ಆಮೇಲೆ ಟಿವಿಯಲ್ಲಿ ಫಸ್ಟ್ ಬೆಲ್ ಎಂಬ ಸರಕಾರಿ ಪಾಠ, ಫೋನಿನಲ್ಲಿ ವಾಟ್ಸಾಪ್ ಹೋಮ್‌ವರ್ಕು. 2021ರ ನವೆಂಬರಿನಲ್ಲಿ ಶಾಲೆ ತೆರೆದಾಗ ಅವನು ಮೂರನೇ ಕ್ಲಾಸು. ಎಲ್ಲ ಮಕ್ಕಳೂ ಅಕ್ಷರ ಮರೆತು ಬಂದಿದ್ದರು. ಅವನು ಆ ಗುಂಪಿನಲ್ಲಿ ಒಬ್ಬನಾದ. ನಾಲ್ಕರಲ್ಲಿ ಎಲ್‌ಎಸ್‌ಎಸ್ ಎಂಬ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸಲಿಲ್ಲ, ಅದೇನು ದೊಡ್ಡ ವಿಷಯವಲ್ಲ. ಉಳಿದ ಮಕ್ಕಳು ನಿಧಾನವಾಗಿ ದಾರಿಗೆ ಬಂದರು. ಇವನು ಐದಕ್ಕೆ ಬಂದ ಮೇಲೆ ಇನ್ನಷ್ಟು ಹಿಂದೆ ಬಿದ್ದ.

ಐದನೇ ಕ್ಲಾಸು ಎಂದರೆ ಯುಪಿ. ವಿಷಯಕ್ಕೊಬ್ಬ ಟೀಚರು. ನಲವತ್ತು ನಿಮಿಷಕ್ಕೆ ಪುಸ್ತಕ ಬದಲು. "ಪುಟ 32 ತೆಗೀರಿ, ಮೂರನೇ ಲೆಕ್ಕ ಮಾಡಿ, ಉತ್ತರದ ಕೆಳಗೆ ಗೆರೆ ಎಳೆದು ನನ್ನ ಹತ್ತಿರ ತನ್ನಿ" ಎಂದರೆ ಇವನು ಪುಟ ತೆಗೆದು ಕೂರುತ್ತಿದ್ದ. ಮುಂದಿನದು ತಲೆಯಲ್ಲಿ ಉಳಿಯುತ್ತಿರಲಿಲ್ಲ. ಬೆಳಿಗ್ಗೆ ಒಂದಿಷ್ಟು ಚುರುಕು, ಊಟ ಆದ ಮೇಲೆ ಮೇಜಿನ ಮೇಲೆ ತಲೆ. ಆಟದಲ್ಲಿ ಜಗಳ, ಸಣ್ಣ ಮಾತಿಗೆ ಸಿಟ್ಟು. ಓದುವುದನ್ನು ಸರಿಯಾಗಿಯೇ ಓದುತ್ತಿದ್ದ. ಓದಿದ್ದು ಏನು ಎಂದು ಕೇಳಿದರೆ ಇಲ್ಲ. ಸ್ಟಾಫ್‌ರೂಮಿನಲ್ಲಿ ಇದಕ್ಕೆ ಕಾರಣಗಳ ಸಾಲೇ ಇತ್ತು. ಮೊಬೈಲು. ಕೊರೋನಾ ಬ್ಯಾಚು. ಉದಾಸೀನ. ಮನೆಯಲ್ಲಿ ಮುದ್ದು ಜಾಸ್ತಿ.

ಕಾರಣ ಹೇಳಿದ್ದು ಅಜ್ಜಿ. ಪಿಟಿಎ ಮೀಟಿಂಗಿಗೆ ತಾಯಿಯ ಬದಲು ಅವರು ಬಂದಿದ್ದರು. "ಆ ಸರ್ತಿ ಬಿದ್ದ ಮೇಲೆ ಇವನಿಗೆ ಒಂದು ಮಾತು ಎರಡೆರಡು ಸರ್ತಿ ಹೇಳಬೇಕು ಟೀಚರ್. ನಾನು ಹೇಳಿದರೆ ಮನೆಯಲ್ಲಿ ಯಾರೂ ಕೇಳುದಿಲ್ಲ. ಸ್ಕ್ಯಾನಿನಲ್ಲಿ ಎಲ್ಲ ಸರಿ ಉಂಟು ಅಂತ ನನ್ನ ಬಾಯಿ ಮುಚ್ಚಿಸ್ತಾರೆ."

ಅಲ್ಲಿಂದ ನಾನು ಓದತೊಡಗಿದೆ. ಓದಿದಷ್ಟೂ ಅಜ್ಜಿಯ ಮೇಲೆ ಗೌರವ ಜಾಸ್ತಿಯಾಯಿತು.

ಮಕ್ಕಳು ತಲೆಯೇ ಮೊದಲಾಗಿ ಬೀಳುವುದಕ್ಕೆ ಕಾರಣ ಉಂಟು. ಮೈಗೆ ಹೋಲಿಸಿದರೆ ಅವರ ತಲೆ ದೊಡ್ಡದು. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಕುತ್ತಿಗೆಯ ಸ್ನಾಯುಗಳಿಗೆ ಅದನ್ನು ಹಿಡಿದು ನಿಲ್ಲಿಸುವ ಬಲ ಇನ್ನೂ ಬಂದಿರುವುದಿಲ್ಲ. ತಲೆ ಜೋರಾಗಿ ಹೋಗಿ ತಟ್ಟನೆ ನಿಂತಾಗ ಒಳಗಿನ ಮೆದುಳು ತಟ್ಟನೆ ನಿಲ್ಲುವುದಿಲ್ಲ. ಅದು ದ್ರವದಲ್ಲಿ ತೇಲಿಕೊಂಡಿರುತ್ತದೆ. ಮುಂದೆ ಹೋಗಿ ತಾಗುತ್ತದೆ, ಕೆಲವೊಮ್ಮೆ ಹಿಂದೆ ಬಂದು ಎದುರು ಬದಿಗೂ ತಾಗುತ್ತದೆ. ತಲೆಬುರುಡೆಯ ಒಳಗಿನ ತಳ, ಅದೂ ಹಣೆ ಮತ್ತು ಕಣ್ಣು ಕಿವಿಯ ನಡುವಿನ ಕಣತಲೆಯ ಕೆಳಗೆ, ನುಣುಪಾಗಿಲ್ಲ. ಮೂಳೆಯ ಏಣುಗಳಿವೆ. ಹಾಗಾಗಿ ಪೆಟ್ಟು ಎಲ್ಲಿಗೇ ಬೀಳಲಿ, ಜಜ್ಜಿಹೋಗುವುದು ಹೆಚ್ಚಾಗಿ ಆ ಎರಡು ಜಾಗ. ಒಂದು ಕಡೆ ಗಮನ, ಯೋಜನೆ, ಸಿಟ್ಟು ತಡೆಯುವ ಶಕ್ತಿ. ಇನ್ನೊಂದು ಕಡೆ ಹೊಸ ನೆನಪು ಮತ್ತು ಮಾತು. ಶಾಲೆಗೆ ಬೇಕಾದದ್ದೇ ಇವು.

ಇನ್ನೊಂದು ಹಾನಿ ಕಣ್ಣಿಗೇ ಕಾಣುವುದಿಲ್ಲ. ಬೀಳುವಾಗ ತಲೆ ಜೋರಾಗಿ ತಿರುಚಿಕೊಂಡರೆ ಮೆದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಸೇರಿಸುವ ಸಣ್ಣ ನರತಂತುಗಳು ಎಳೆದು ಹೋಗುತ್ತವೆ. ಕೆಲವು ತುಂಡಾಗುತ್ತವೆ. ಸುದ್ದಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ನಿಧಾನವಾಗುತ್ತದೆ. ಹುಡುಗನಿಗೆ ಉತ್ತರ ಗೊತ್ತಿರುತ್ತದೆ, ಬರುವಷ್ಟರಲ್ಲಿ ಪಕ್ಕದವನು ಹೇಳಿ ಆಗಿರುತ್ತದೆ. ಸಿಟಿ ಸ್ಕ್ಯಾನ್ ಮೂಳೆ ಮುರಿದದ್ದನ್ನು, ರಕ್ತ ಕಟ್ಟಿದ್ದನ್ನು ಚೆನ್ನಾಗಿ ತೋರಿಸುತ್ತದೆ. ಈ ತಂತುಗಳ ಗಾಯ ಅದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಜೀವಕ್ಕೆ ಅಪಾಯ ಉಂಟೇ, ಆಪರೇಷನ್ ಬೇಕೇ ಎಂದು ತಿಳಿಯಲು ಮಾಡುವ ಸ್ಕ್ಯಾನ್ ಅದು. ಐದನೇ ಕ್ಲಾಸಿನ ಗಣಿತದ ಬಗ್ಗೆ ಅದನ್ನು ಯಾರೂ ಕೇಳಿರಲಿಲ್ಲ, ಅದು ಹೇಳಿಯೂ ಇರಲಿಲ್ಲ.

ಈಗ "ಸಣ್ಣ ಮಕ್ಕಳು ಬೇಗ ಕೂಡಿಕೊಳ್ಳುತ್ತಾರೆ" ಎಂಬ ಮಾತಿಗೆ ಬರುತ್ತೇನೆ. ಇದು ನಮ್ಮ ಊರಿನ ಮಾತು ಮಾತ್ರ ಅಲ್ಲ. ವಿಜ್ಞಾನವೂ ತುಂಬ ಕಾಲ ಹೀಗೇ ನಂಬಿತ್ತು. 1930ರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿ ಮಾರ್ಗರೆಟ್ ಕೆನಾರ್ಡ್ ಎಂಬ ವಿಜ್ಞಾನಿ ಮಂಗಗಳ ಮೇಲೆ ಪ್ರಯೋಗ ಮಾಡಿದರು. ಕೈಕಾಲು ಆಡಿಸುವ ಮೆದುಳಿನ ಭಾಗಕ್ಕೆ ಗಾಯವಾದರೆ ದೊಡ್ಡ ಮಂಗಗಳಿಗಿಂತ ಮರಿಗಳು ಚೆನ್ನಾಗಿ ಸುಧಾರಿಸಿಕೊಂಡವು. ಆಮೇಲಿನವರು ಇದಕ್ಕೆ "ಕೆನಾರ್ಡ್ ತತ್ವ" ಎಂದು ಹೆಸರಿಟ್ಟು ಇಡೀ ಮೆದುಳಿಗೆ ಹಬ್ಬಿಸಿದರು. ತಮಾಷೆ ಎಂದರೆ, ಕೆಲವು ಮರಿಗಳಲ್ಲಿ ದೊಡ್ಡದಾಗುತ್ತಾ ಹೋದ ಹಾಗೆ ತೊಂದರೆ ಹೊಸದಾಗಿ ಕಾಣಿಸಿಕೊಂಡದ್ದನ್ನು ಕೆನಾರ್ಡ್ ಅವರೇ ಗಮನಿಸಿದ್ದರು. ಆ ಭಾಗ ಯಾರಿಗೂ ನೆನಪಿರಲಿಲ್ಲ. 1940ರ ದಶಕದಲ್ಲಿ ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಬೇರೆ ಮಾತು ಹೇಳಿದರು. ದೊಡ್ಡವರು ಕಲಿತದ್ದನ್ನು ಸ್ವಲ್ಪ ಕಳೆದುಕೊಳ್ಳಬಹುದು, ಮಗುವಿಗೆ ಕಲಿಯುವ ಯಂತ್ರಕ್ಕೇ ಪೆಟ್ಟು ಬೀಳುತ್ತದೆ, ಹಾಗಾಗಿ ಚಿಕ್ಕ ವಯಸ್ಸಿನ ಗಾಯ ಬುದ್ಧಿಗೆ ಜಾಸ್ತಿ ಹಾನಿ ಮಾಡಬಹುದು ಎಂದು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ವಿಕಿ ಆಂಡರ್ಸನ್ ಮತ್ತು ಅವರ ಜೊತೆಯವರು ತಲೆಗೆ ಪೆಟ್ಟಾದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಜೋರು ಪೆಟ್ಟು, ಜೊತೆಗೆ ಎಳೆಯ ವಯಸ್ಸು ಎರಡೂ ಸೇರಿದ ಮಕ್ಕಳೇ ಎಲ್ಲರಿಗಿಂತ ಹಿಂದೆ ಉಳಿದಿದ್ದರು. ಹೆಬ್ ಹೇಳಿದ ಕಡೆಗೇ ತಕ್ಕಡಿ ವಾಲಿತು.

ಇದು ಹೇಗೆ ಎಂದು ಹುಡುಗನ ಅಜ್ಜನಿಗೆ ವಿವರಿಸಲು ನಾನು ತುಂಬ ಕಷ್ಟಪಟ್ಟೆ. ಕೊನೆಗೆ ಅವರೇ ದಾರಿ ತೋರಿಸಿದರು. ಅಡಿಕೆ ಸಸಿಯ ಸುಳಿಗೆ ಪೆಟ್ಟಾದರೆ ಆಗ ಇರುವ ಸೋಗೆಗಳು ಹಸಿರಾಗಿಯೇ ಇರುತ್ತವೆ. ನೋಡಿದವರು ಸಸಿಗೇನೂ ಆಗಿಲ್ಲ ಅನ್ನುತ್ತಾರೆ. ಮುಂದೆ ಬರಬೇಕಾದ ಸೋಗೆ ಮುರುಟಿ ಬಂದಾಗಲೇ ತಿಳಿಯುವುದು. "ಹಾಗೆಯಾ ಟೀಚರ್?" ಎಂದರು. ಹಾಗೆಯೇ. ಆರು ವರ್ಷದ ಮಗುವಿಗೆ ಮೂರು ಕೆಲಸ ನೆನಪಿಟ್ಟು ಒಂದರ ಹಿಂದೆ ಒಂದು ಮಾಡು ಎಂದು ಯಾರೂ ಹೇಳುವುದಿಲ್ಲ. ಸಿಟ್ಟು ಬಂದರೆ ತಡೆದುಕೋ ಎಂದು ನಿರೀಕ್ಷಿಸುವುದೂ ಇಲ್ಲ. ಹಣೆಯ ಹಿಂದಿನ ಮೆದುಳು ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆ ಕೆಲಸಗಳನ್ನು ಶಾಲೆ ಕೇಳಲು ಶುರು ಮಾಡುವುದು ಹತ್ತು, ಹನ್ನೊಂದರಲ್ಲಿ. ಕೇಳಿದಾಗಲೇ ಇಲ್ಲದ್ದು ಕಾಣುತ್ತದೆ.

ಇದರ ತೀರಾ ಕಠಿಣ ಉದಾಹರಣೆ 1999ರಲ್ಲಿ ಅಮೆರಿಕದ ಅಯೋವಾದಿಂದ ಬಂತು. ಸ್ಟೀವನ್ ಆಂಡರ್ಸನ್, ಆಂಟೋನಿಯೋ ಡಮಾಸಿಯೋ ಮೊದಲಾದವರು ಇಬ್ಬರು ಯುವಜನರ ಬಗ್ಗೆ ಬರೆದರು. ಅವರಲ್ಲಿ ಒಬ್ಬರಿಗೆ 15 ತಿಂಗಳಿದ್ದಾಗ ವಾಹನ ಹರಿದು ಹಣೆಯ ಹಿಂದಿನ ಭಾಗಕ್ಕೆ ಗಾಯವಾಗಿತ್ತು. ಕೆಲವೇ ದಿನಗಳಲ್ಲಿ ಮಗು ಸರಿಯಾದ ಹಾಗೆ ಕಂಡಿತು. ಮೂರು ವರ್ಷ ಆಗುವವರೆಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಗದರಿದರೂ, ಶಿಕ್ಷೆ ಕೊಟ್ಟರೂ ತಾಗುತ್ತಿರಲಿಲ್ಲ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅಂಕ ಸರಿಯಾಗಿಯೇ ಬಂತು. ದೊಡ್ಡವರಾದ ಮೇಲೆ ಅದೇ ಜಾಗಕ್ಕೆ ಗಾಯವಾದವರು ತಪ್ಪು ಮಾಡಿದರೂ ಯಾವುದು ಸರಿ ಎಂದು ಕೇಳಿದರೆ ಹೇಳುತ್ತಾರೆ. ಎಳವೆಯಲ್ಲಿ ಗಾಯವಾದವರಿಗೆ ಅದನ್ನು ಕಲಿಯಲೇ ಆಗಿರಲಿಲ್ಲ. ಇಬ್ಬರ ಕಥೆಯಿಂದ ಎಲ್ಲರ ಬಗ್ಗೆ ಹೇಳುವುದು ಸರಿಯಲ್ಲ. ಆದರೂ ತರಗತಿಯಲ್ಲಿ "ಎಷ್ಟು ಹೊಡೆದರೂ ಇವನಿಗೆ ನಾಚಿಕೆ ಇಲ್ಲ" ಎಂದು ಯಾರಾದರೂ ಹೇಳಿದಾಗ ನನಗೆ ಇದು ನೆನಪಾಗುತ್ತದೆ.

ಇಲ್ಲಿ ಒಂದು ಸಮಾಧಾನದ ಮಾತು ಹೇಳದಿದ್ದರೆ ತಾಯಂದಿರು ರಾತ್ರಿ ನಿದ್ದೆ ಮಾಡಲಿಕ್ಕಿಲ್ಲ. ತಲೆಗೆ ತಾಗಿದ ಮಕ್ಕಳೆಲ್ಲರಿಗೂ ಹೀಗಾಗುವುದಿಲ್ಲ. ಬಹುಪಾಲು ಪೆಟ್ಟುಗಳು ಸಣ್ಣವು, ಮಕ್ಕಳು ಕೆಲವು ವಾರಗಳಲ್ಲಿ ಪೂರ್ತಿ ಸರಿಯಾಗುತ್ತಾರೆ. ಪೆಟ್ಟು ಎಷ್ಟು ಜೋರು ಎಂದು ಅಳೆಯಲು ಡಾಕ್ಟರುಗಳು ಬಳಸುವ ಅಳತೆಗೋಲು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನ್ನೆಟ್ ಮಾಡಿದ್ದು. ಕಣ್ಣು ತೆರೆಯುವುದು, ಮಾತು, ಕೈಕಾಲು ಆಡಿಸುವುದು ನೋಡಿ 3ರಿಂದ 15ರ ನಡುವೆ ಅಂಕ. 13ರಿಂದ 15 ಬಂದರೆ ಸಣ್ಣದು, 9ರಿಂದ 12 ಮಧ್ಯಮ, 8 ಅಥವಾ ಕಡಿಮೆ ಆದರೆ ತೀವ್ರ. ಡಿಸ್ಚಾರ್ಜ್ ಕಾರ್ಡಿನಲ್ಲಿ ಜಿಸಿಎಸ್ ಎಂದು ಬರೆದಿರುವುದು ಇದೇ. ನಿಮ್ಮ ಮಗುವಿನ ಕಾರ್ಡಿದ್ದರೆ ತೆಗೆದು ನೋಡಿ. ನಮ್ಮ ಹುಡುಗನದು ಮಧ್ಯಮ ಪಟ್ಟಿಯಲ್ಲಿತ್ತು. "ಏನೂ ಆಗಲಿಲ್ಲ" ಎಂದು ಊರಿಡೀ ಹೇಳಿಕೊಂಡಿದ್ದೆವು.

ಬಿದ್ದ ಕೂಡಲೇ ಸ್ಕ್ಯಾನ್ ಮಾಡಿಸಿ ಎಂದು ಹಟ ಹಿಡಿಯುವವರೂ ಇದ್ದಾರೆ. ಅದೂ ಬೇಡ. ಎಳೆ ಮಕ್ಕಳಿಗೆ ಸುಮ್ನೆ ವಿಕಿರಣ ಕೊಡಬಾರದು. ಅಮೆರಿಕದಲ್ಲಿ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2009ರಲ್ಲಿ ಯಾರಿಗೆ ಸ್ಕ್ಯಾನ್ ಬೇಕು, ಯಾರಿಗೆ ಬೇಡ ಎಂದು ನಿಯಮ ಮಾಡಿದರು. ಅದರಲ್ಲಿ ನನಗೆ ಆಶ್ಚರ್ಯ ತಂದ ಒಂದು ವಿಷಯ. ಎರಡು ವರ್ಷದ ಒಳಗಿನ ಮಗುವಿಗೆ ಹಣೆಯ ಮೇಲಿನ ಬುಗುಟಿಗಿಂತ ತಲೆಯ ಬದಿಯ, ಹಿಂದಿನ ಊತ ಜಾಸ್ತಿ ಚಿಂತೆಯದ್ದು. ನಾವು ಹೆದರುವುದು ಎದುರಿಗೆ ಕಾಣುವ ಹಣೆಯ ಬುಗುಟಿಗೆ. ಕೂದಲೊಳಗಿನದನ್ನು ಸವರಿ ನೋಡುವವರು ಕಡಿಮೆ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರು, ಹೆಚ್ಚುತ್ತಾ ಹೋಗುವ ತಲೆನೋವು, ಕೈಕಾಲಿನ ಸೋಲು, ಗುರುತು ಹಿಡಿಯದಿರುವುದು, ಎಳೆ ಮಗುವಿಗಾದರೆ ನೆತ್ತಿ ಉಬ್ಬುವುದು: ಇದರಲ್ಲಿ ಯಾವುದು ಕಂಡರೂ ಕಾಯಬೇಡಿ, ಹೊರಡಿ. ಡಾಕ್ಟರು ನೋಡಿ ಪರವಾಗಿಲ್ಲ ಎಂದ ಮೇಲೆ ಮಗು ಮಲಗಲಿ. ಮಲಗಲು ಬಿಡಬಾರದು ಎಂದು ರಾತ್ರಿಯಿಡೀ ಅಲ್ಲಾಡಿಸುತ್ತಾ ಕೂರುವುದು ಬೇಡ.

ಸಣ್ಣ ಪೆಟ್ಟಿನ ಮೇಲೆ ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಕೂರಿಸುವುದೂ ಹಳೆಯ ಕಾಲದ್ದು. ಒಂದೆರಡು ದಿನ ಆರಾಮ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಓದು, ನಡಿಗೆ, ಶಾಲೆ ಎಂದು ಈಗಿನ ಸಲಹೆ. ಆಟ ಮಾತ್ರ ಕೊನೆಗೆ. ನಮ್ಮ ಕಡೆ ಸೆವೆನ್ಸ್ ಫುಟ್‌ಬಾಲು, ಕಬಡ್ಡಿ ಎರಡಕ್ಕೂ ಹುಚ್ಚು. ಶನಿವಾರ ತಲೆಗೆ ತಾಗಿ ಒಂದು ಕ್ಷಣ ಮಂಕಾದ ಹುಡುಗ ಭಾನುವಾರ ಫೈನಲ್ಸಿಗೆ ಇಳಿಯುತ್ತಾನೆ. ಮೊದಲ ಪೆಟ್ಟು ಆರುವ ಮೊದಲು ಬೀಳುವ ಎರಡನೇ ಪೆಟ್ಟು ಅಪಾಯ. ಟೀಮಿನ ಅಣ್ಣಂದಿರಿಗೆ ಇದನ್ನು ಹೇಳಿ ಹೇಳಿ ನನ್ನನ್ನು ಕಂಡರೆ ಅವರು ದಾರಿ ಬದಲಿಸುತ್ತಾರೆ.

ಹುಡುಗನ ಬುದ್ಧಿಮತ್ತೆ, ಗಮನ, ನೆನಪಿನ ಪರೀಕ್ಷೆ ಮಾಡಿಸಲು ಹೊರಟಾಗ ಭಾಷೆಯ ಕಷ್ಟ ಎದುರಾಯಿತು. ಗಡಿನಾಡಿನವರಿಗೆ ಇದು ಹೊಸದಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಮೊದಲು ಹೋದ ಕಡೆ ಪ್ರಶ್ನೆ ಕೇಳಿದ್ದು ಮಲಯಾಳದಲ್ಲಿ. ಹುಡುಗನಿಗೆ ಮಲಯಾಳ ಅರ್ಥ ಆಗುತ್ತದೆ, ಆದರೆ "ಈ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳು" ಎಂದು ಇನ್ನೊಂದು ಭಾಷೆಯಲ್ಲಿ ಕೇಳಿದರೆ ಅವನು ಎರಡು ಕೆಲಸ ಮಾಡಬೇಕು. ಮೊದಲು ಒಳಗೇ ಅನುವಾದ, ಆಮೇಲೆ ಲೆಕ್ಕ. ಮೊದಲೇ ನಿಧಾನವಾದ ತಲೆ. ಬಂದ ಅಂಕ ನೋಡಿ ತಾಯಿ ಬಸ್ಸಿನಲ್ಲಿ ಅತ್ತಳು.

ಆಮೇಲೆ ಮಂಗಳೂರಿನಲ್ಲಿ ಕನ್ನಡದಲ್ಲೇ ಮಾಡಿದರು. ನಮ್ಮ ಭಾಷೆಗೆ ಇಂಥ ಪರೀಕ್ಷೆಗಳ ಬಡತನವಿಲ್ಲ. ಬಿನೆ-ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಎಂಬುವರು 1930ರ ದಶಕದಲ್ಲಿ ಮುಂಬೈ ಪ್ರಾಂತ್ಯದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿಯೇ ಹೊಂದಿಸಿದ್ದರು. ಗಮನ, ನೆನಪು, ಯೋಜನೆಗಳನ್ನು ಬೇರೆ ಬೇರೆಯಾಗಿ ನೋಡುವ ಮಕ್ಕಳ ಪರೀಕ್ಷೆಗಳ ಕಟ್ಟನ್ನು ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಮಾಡಿದೆ. ಹುಡುಗನ ಫಲಿತಾಂಶ ಏನು ಗೊತ್ತಾ? ಒಟ್ಟು ಬುದ್ಧಿಮತ್ತೆ ಸಾಧಾರಣ, ಎಲ್ಲರ ಹಾಗೆ. ಕಡಿಮೆ ಬಂದದ್ದು ಎರಡೇ. ಕೆಲಸದ ವೇಗ, ಮತ್ತು ಮಾಡುತ್ತಿರುವಾಗ ವಿಷಯವನ್ನು ತಲೆಯಲ್ಲಿ ಹಿಡಿದಿಡುವ ಶಕ್ತಿ. ದಡ್ಡ ಎಂದು ಕರೆಸಿಕೊಂಡ ಹುಡುಗ ದಡ್ಡ ಅಲ್ಲ ಎಂದು ಕಾಗದದಲ್ಲಿ ಬಂತು.

ಈ ಕಾಗದ ಸರಕಾರದ ಯಾವ ಕಾಲಂನಲ್ಲಿ ಕೂರುತ್ತದೆ ಎಂಬುದು ಮುಂದಿನ ತಲೆನೋವು. ಅಮೆರಿಕದಲ್ಲಿ 1990ರಲ್ಲೇ ವಿಶೇಷ ಶಿಕ್ಷಣದ ಕಾನೂನಿನಲ್ಲಿ ಮೆದುಳಿನ ಪೆಟ್ಟಿಗೆ ಪ್ರತ್ಯೇಕ ಹೆಸರು ಕೊಟ್ಟರು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ತಲೆಪೆಟ್ಟು ಅದರಲ್ಲಿ ಬೇರೆಯಾಗಿ ಇಲ್ಲ. ಇದ್ದದ್ದರಲ್ಲಿ ಯಾವುದಕ್ಕಾದರೂ ಹೊಂದಿಸಿ ಬರೆಯಬೇಕು. ಬ್ಲಾಕ್ ರಿಸೋರ್ಸ್ ಸೆಂಟರಿನಿಂದ (ಬಿಆರ್‌ಸಿ) ಬರುವ ರಿಸೋರ್ಸ್ ಟೀಚರ್ ಪುಣ್ಯಾತ್ಗಿತ್ತಿ, ಫಾರಂ ಹಿಡಿದು ಅವಳೇ ಓಡಾಡಿದಳು. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸ್ಕ್ರೈಬ್ ಸಿಗಬೇಕಾದರೆ ಈಗಿನಿಂದಲೇ ದಾಖಲೆ ಬೇಕು.

ನಮ್ಮ ಕಡೆ ಇನ್ನೊಂದು ತೊಡಕೂ ಉಂಟು. ಎಣ್ಮಕಜೆ, ಪಡ್ರೆಯಂಥ ಊರುಗಳಲ್ಲಿ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಆ ನೋವು ಇಲ್ಲಿಯ ಮನೆಮನೆಯಲ್ಲಿ ಇದೆ, ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳು ಹೋಗುವ ಬಡ್ಸ್ ಶಾಲೆಗಳಿವೆ. ಅದರ ನೆರಳಿನಲ್ಲಿ ಬೇರೆ ಮಗು ಕಲಿಯುವುದರಲ್ಲಿ ಹಿಂದೆ ಬಿದ್ದರೂ ಜನರ ಬಾಯಿಗೆ ಮೊದಲು ಬರುವುದು ಅದೇ ಹೆಸರು, ಇಲ್ಲವಾದರೆ ಗ್ರಹಚಾರ. ನಾಲ್ಕು ವರ್ಷದ ಹಿಂದೆ ಬಿದ್ದದ್ದನ್ನು ಕೇಳುವವರೇ ಇಲ್ಲ.

ಕ್ಲಾಸಿನಲ್ಲಿ ಏನು ಮಾಡಿದೆವು ಎಂದು ಕೆಲವರು ಕೇಳಿದ್ದಾರೆ. ದೊಡ್ಡದೇನೂ ಇಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು. ಹೇಳಿದ್ದನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಇಡುವುದು. ಮುಂದಿನ ಬೆಂಚು, ಕಿಟಕಿಯಿಂದ ದೂರ. ಹತ್ತು ಲೆಕ್ಕದ ಬದಲು ಐದು, ಆದರೆ ಪೂರ್ತಿ ಮಾಡಬೇಕು. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಕಾಯುವುದು. ಈ ಕೊನೆಯದು ಟೀಚರುಗಳಿಗೆ ಎಲ್ಲಕ್ಕಿಂತ ಕಷ್ಟ! ಊಟದ ನಂತರ ಹತ್ತು ನಿಮಿಷ ಲೈಬ್ರರಿಯಲ್ಲಿ ಸುಮ್ನೆ ಕೂರಲು ಬಿಟ್ಟೆವು. ಉಳಿದ ಮಕ್ಕಳು "ನಮಗೂ ಬೇಕು" ಎಂದರು, ಕೊಟ್ಟೆವು, ಎರಡೇ ದಿನಕ್ಕೆ ಅವರಿಗೆ ಬೇಸರ ಬಂತು.

ಮನೆಯ ವಾತಾವರಣವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಒಹಾಯೊದಲ್ಲಿ ವರ್ಷಗಳ ಕಾಲ ನಡೆದ ಅಧ್ಯಯನಗಳಲ್ಲಿ ಕಂಡದ್ದು, ಒಂದೇ ಬಗೆಯ ಪೆಟ್ಟಾದರೂ ನೆಮ್ಮದಿ ಇರುವ ಮನೆಯ ಮಕ್ಕಳು ಚೆನ್ನಾಗಿ ಸುಧಾರಿಸುತ್ತಾರೆ ಎಂದು. ಹುಡುಗನ ಅಪ್ಪ ಮೊದಲು ಪ್ರತಿ ರಾತ್ರಿ ಮಗ್ಗಿ ಕೇಳಿ ಬೆತ್ತ ಹಿಡಿಯುತ್ತಿದ್ದರು. ವರದಿಯನ್ನು ಅವರಿಗೆ ಓದಿ ಹೇಳಿದ್ದು ಅಜ್ಜಿ ಅಲ್ಲ, ನಾನೂ ಅಲ್ಲ, ಮಂಗಳೂರಿನಲ್ಲಿ ಪರೀಕ್ಷೆ ಮಾಡಿದ ಡಾಕ್ಟರೇ. ಗಂಡಸರು ಡಾಕ್ಟರು ಹೇಳಿದರೆ ಕೇಳುತ್ತಾರೆ. ಬೆತ್ತ ಈಗ ದನ ಓಡಿಸಲು.

ಹೆಲ್ಮೆಟ್ ವಿಷಯ ಬರೆಯದೆ ಮುಗಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿ ಪ್ರಕಾರ ನಾಲ್ಕು ವರ್ಷ ದಾಟಿದ ಎಲ್ಲರಿಗೂ ದ್ವಿಚಕ್ರದಲ್ಲಿ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೂ ಹೆಲ್ಮೆಟ್, ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟು, ಮತ್ತು 40 ಕಿಲೋಮೀಟರ್ ಮೀರದ ವೇಗ ಇರಬೇಕು ಎಂದು 2022ರಲ್ಲಿ ನಿಯಮ ಬಂತು. ನಮ್ಮ ಶಾಲೆಯ ಗೇಟಿನಲ್ಲಿ ಬೆಳಿಗ್ಗೆ ನಿಂತು ನೋಡಿ. ಅಪ್ಪನ ತಲೆಯಲ್ಲಿ ಹೆಲ್ಮೆಟ್, ಅದೂ ಕ್ಯಾಮರಾದ ಹೆದರಿಕೆಗೆ. ಎದುರು ನಿಂತ ಮಗುವಿನ ತಲೆಯಲ್ಲಿ ಮಲ್ಲಿಗೆ. ಮಕ್ಕಳ ಅಳತೆಯ ಹೆಲ್ಮೆಟ್ ಪೇಟೆಯಲ್ಲಿ ಸಿಗುತ್ತದೆ, ಐಎಸ್‌ಐ ಗುರುತು ನೋಡಿ ತೆಗೆದುಕೊಳ್ಳಿ. ಹಬ್ಬದ ಬಟ್ಟೆಗೆ ಕೊಡುವುದಕ್ಕಿಂತ ಕಡಿಮೆ ದುಡ್ಡು.

ಹುಡುಗ ಈಗ ಏಳನೇ ಕ್ಲಾಸು. ಮೊದಲಿನ ಹಾಗೆ ಆಗಿದ್ದಾನಾ ಎಂದು ಕೇಳಿದರೆ ಇಲ್ಲ. ಗಣಿತದಲ್ಲಿ ಇನ್ನೂ ಹಿಂದೆ. ಜಗಳ ಕಡಿಮೆಯಾಗಿದೆ. ಯಕ್ಷಗಾನದ ಹೆಜ್ಜೆ ಕಲಿಯಲು ಹೋಗುತ್ತಿದ್ದಾನೆ, ಮಾತುಗಾರಿಕೆ ಕಷ್ಟ, ಹೆಜ್ಜೆ ಚೆನ್ನಾಗಿ ಹಿಡಿದಿದ್ದಾನೆ ಎಂದು ಗುರುಗಳು ಹೇಳಿದರು. ಮುಂದಿನ ವರ್ಷ ಹೈಸ್ಕೂಲು. ಅಲ್ಲಿ ಇವನನ್ನು ಬಲ್ಲವರು ಯಾರೂ ಇಲ್ಲ. ತಾಯಿ ಒಂದು ಫೈಲು ಮಾಡಿದ್ದಾಳೆ. ಡಿಸ್ಚಾರ್ಜ್ ಕಾರ್ಡು, ಪರೀಕ್ಷೆಯ ವರದಿ, ಕ್ಲಾಸಿನಲ್ಲಿ ನಾವು ಮಾಡಿದ್ದು ಏನೇನು ಎಂದು ನಾನು ಬರೆದುಕೊಟ್ಟ ಒಂದು ಪುಟ. ಸೇರಿಸುವ ಫಾರಂನಲ್ಲಿ ಇದಕ್ಕೆಲ್ಲ ಜಾಗ ಇಲ್ಲ, ಹಿಂದೆ ಪಿನ್ ಮಾಡಿ ಕೊಡುತ್ತಾಳಂತೆ.

"ಪಿನ್ ಬಿಚ್ಚಿ ಎಲ್ಲಿಯಾದರೂ ಇಟ್ಟರೆ ಏನು ಮಾಡ್ತಿ?" ಎಂದು ಕೇಳಿದೆ.

"ಕ್ಲಾಸ್ ಟೀಚರ್ ಕೈಗೆ ಒಂದು ಕೊಡ್ತೇನೆ, ಆಫೀಸಿಗೆ ಒಂದು" ಎಂದಳು. "ಮತ್ತೆ ಎಂಟು ಜೆರಾಕ್ಸ್ ಉಂಟು ಟೀಚರ್, ವಿಷಯಕ್ಕೊಂದು."